ಮೂರು ಇಂಚು

ಕತ್ತರಿ ಬಟ್ಟೆಯೊಳಕ್ಕೆ ಇಳಿದ ಸದ್ದು ಕೇಳಿದಾಗ ಅವಳು ಅಡುಗೆಮನೆಯ ಬಾಗಿಲಲ್ಲಿ ಕೂತು ಬೀನ್ಸ್ ಹೆಚ್ಚುತ್ತಿದ್ದಳು. ಕೈ ತಾನಾಗಿಯೇ ನಿಂತಿತು. ನಡುಮನೆಯ ನೆಲದ ಮೇಲೆ ಸಾಸಿವೆ ಹಳದಿ ಬಣ್ಣದ ದಪ್ಪ ಹತ್ತಿಬಟ್ಟೆ ಹಾಸಿತ್ತು; ಅಂಗಡಿಯವನು ಮಡಚಿದ ಗೆರೆಗಳು ಅದರ ಮೇಲೆ ಇನ್ನೂ ಹಾಗೇ ಇದ್ದವು. ನಡುವೆ ಮಂಡಿಯೂರಿ, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು, ಗಂಡ ಸೀಮೆಸುಣ್ಣದ ಗೆರೆಯ ಮೇಲೆ ಕತ್ತರಿ ಓಡಿಸುತ್ತಿದ್ದ. ಕತ್ತರಿ ಅವಳದು.

ನೀರು ಕಾಣದ ಬಟ್ಟೆ. ಹತ್ತಿಬಟ್ಟೆ ತಂದರೆ ಮೊದಲು ಬಕೆಟ್ಟಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿ ಆಮೇಲೆ ಕತ್ತರಿ ಮುಟ್ಟಿಸಬೇಕು. ಇಲ್ಲದಿದ್ದರೆ ಹೊಲಿದದ್ದೆಲ್ಲ ಮೊದಲನೇ ಒಗೆತಕ್ಕೇ ಕುಗ್ಗಿ ಗಿಡ್ಡವಾಗುತ್ತದೆ. ಮೂವತ್ತೊಂದು ವರ್ಷದಿಂದ ಹೊಲಿಯುತ್ತಿದ್ದ ಅವಳಿಗೆ ಇದನ್ನು ಯಾರೂ ನೆನಪು ಮಾಡಿಕೊಡಬೇಕಾಗಿರಲಿಲ್ಲ. “ರೀ, ತಾಳಿ” ಎನ್ನಲು ಬಾಯಿ ತೆರೆದಳು. ಅಷ್ಟರಲ್ಲಿ ಬೆಳಗ್ಗೆ ಅವನು ಆಡಿದ ಮಾತು ನೆನಪಾಯಿತು.

“ನೀನು ಎಲ್ಲಾ ಕಣ್ಣಂದಾಜಲ್ಲಿ ಕತ್ತರಿಸ್ತೀಯ ಕಣೇ. ಅಳತೆ ಅಂದ್ರೆ ಏನು ಅಂತ ನಾನು ತೋರಿಸ್ತೀನಿ. ಸುಮ್ನೆ ನೋಡ್ತಾ ಇರು.”

ಸರಿ, ನೋಡೋಣ ಎಂದುಕೊಂಡಳು. ಇನ್ನೊಂದು ಹಿಡಿ ಬೀನ್ಸ್ ಎತ್ತಿಕೊಂಡಳು.

ಗಂಡನನ್ನು ಬೀದಿಯವರೆಲ್ಲ ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಕಾರ್ಖಾನೆಯ ಲೇತ್ ಮಷಿನ್ನಿನ ಮುಂದೆ ಮೂವತ್ತನಾಲ್ಕು ವರ್ಷ ನಿಂತು ಕಬ್ಬಿಣ ಕಡೆದವನು, ಕೂದಲೆಳೆಯಷ್ಟು ಅಳತೆ ತಪ್ಪಿದರೂ ಮಾಲನ್ನು ಪಕ್ಕಕ್ಕೆ ಎಸೆಯುತ್ತಿದ್ದವನು. ನಿವೃತ್ತನಾಗಿ ಎರಡು ತಿಂಗಳಾಗಿತ್ತು. ಈ ಎರಡು ತಿಂಗಳಲ್ಲಿ ನಲ್ಲಿಗಳನ್ನೆಲ್ಲ ಬಿಚ್ಚಿ ಕೂಡಿಸಿದ, ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಜೋಡಿಸಿ ಅವಳಿಗೆ ಉಪ್ಪು ಸಿಗದ ಹಾಗೆ ಮಾಡಿದ. ಕೊನೆಗೆ ಅವನ ಕಣ್ಣು ಹೊಲಿಗೆ ಮಷಿನ್ನಿನ ಮೇಲೆ ಬಿತ್ತು. ಎಣ್ಣೆ ಬಿಟ್ಟ, ಬೆಲ್ಟ್ ಬದಲಿಸಿದ, ನಾಲ್ಕು ದಿನ ಹಳೇ ಚಿಂದಿಯ ಮೇಲೆ ಹೊಲಿದು ಕಲಿತ. ಶನಿವಾರ, ಭಾನುವಾರದ ಜೊತೆ ಸೋಮವಾರವೂ ರಜೆ ಬಂದಿತ್ತು, ಮಗಳು ಬರುವವಳಿದ್ದಳು. ಬೀದಿಯಲ್ಲಿ ಒಬ್ಬರು ಗೇಟಿಗೆ ಬಣ್ಣ ಬಳಿಯುತ್ತಿದ್ದರು, ಇನ್ನೊಬ್ಬರು ಹಾಸಿಗೆಗಳನ್ನು ಬಿಸಿಲಿಗೆ ಹಾಕಿ ಬಡಿಯುತ್ತಿದ್ದರು. ಮೇಸ್ತ್ರಿ ನಡುಮನೆಯ ಕಿಟಕಿಗೆ ಹೊಸ ಪರದೆ ಹೊಲಿಯುತ್ತೇನೆಂದು ಹೊರಟ.

ಕಿಟಕಿಯನ್ನು ಸ್ಟೀಲ್ ಸ್ಕೇಲಿನಲ್ಲಿ ಮೂರು ಸಲ ಅಳೆದ. ಹಾಳೆಯ ಮೇಲೆ ಪೆನ್ಸಿಲಿನಲ್ಲಿ ಕಿಟಕಿಯ ಚಿತ್ರ ಬರೆದು ನಾಲ್ಕೂ ಕಡೆ ಅಂಕಿ ಹಾಕಿದ. ಸಂಜೆಯ ಹೊತ್ತಿಗೆ ಪರದೆ ಏರಿತು. ಕಿಟಕಿಯ ಕೆಳಗಿನ ಪಟ್ಟಿಗೆ ಮುಟ್ಟಿಯೂ ಮುಟ್ಟದ ಹಾಗೆ ನಿಂತಿತು. ಅವಳು ಹತ್ತಿರ ಹೋಗಿ ಅಂಚನ್ನು ಎತ್ತಿ ನೋಡಿದಳು, ಎಲ್ಲಾದರೂ ಒಂದು ಹೊಲಿಗೆ ವಕ್ರವಾಗಿರಲಿ ಎಂದು. ಎಲ್ಲೂ ಇರಲಿಲ್ಲ.

“ಹೇಗಿದೆ?”

“ಚೆನ್ನಾಗಿದೆ,” ಎಂದಳು. ಎತ್ತಿದ ಅಂಚನ್ನು ಕೈಬಿಟ್ಟಳು.

ಭಾನುವಾರ ಮಗಳು ಬಂದಳು. ಅಳಿಯನಿಗೆ ಡ್ಯೂಟಿಯಂತೆ, ಒಬ್ಬಳೇ ಬಂದಿದ್ದಳು. ಚಪ್ಪಲಿ ಬಿಡುತ್ತಿರುವಾಗಲೇ ಅವಳ ಕಣ್ಣು ಕಿಟಕಿಗೆ ಹೋಯಿತು.

“ಅರೆ, ಪರದೆ ಎಲ್ಲಿ ತಗೊಂಡ್ರಿ? ಎಷ್ಟು ಚೆನ್ನಾಗಿದೆ!”

“ತಗೊಳ್ಳೋದಾ? ಹೊಲಿದಿದ್ದು ಕಣೇ. ನಿಮ್ಮಪ್ಪ ಹೊಲಿದಿದ್ದು,” ಎಂದ ಮೇಸ್ತ್ರಿ, ನಿಮ್ಮಪ್ಪ ಎಂದರೆ ಪಕ್ಕದ ಬೀದಿಯ ಯಾರೋ ದೊಡ್ಡ ಮನುಷ್ಯ ಎನ್ನುವ ಹಾಗೆ.

“ಸುಮ್ನಿರಪ್ಪಾ! ಅಮ್ಮಾ, ನಿಜವಾ?”

“ನಿಜ.”

ಆಮೇಲೆ ಶುರುವಾಯಿತು. ಮಗಳು ಪರದೆಯನ್ನು ಸವರಿದಳು, ಅಪ್ಪನನ್ನು ಅದರ ಪಕ್ಕದಲ್ಲಿ ನಿಲ್ಲಿಸಿ ಫೋಟೋ ತೆಗೆದಳು, ನೆಂಟರ ಗ್ರೂಪಿಗೆ ಹಾಕಿದಳು. ಐದೇ ನಿಮಿಷದಲ್ಲಿ ಚಪ್ಪಾಳೆ ತಟ್ಟುವ ಕೈಗಳು ಸಾಲುಸಾಲಾಗಿ ಬಂದವು. ಎದುರುಮನೆಯ ಟೀಚರ್ ಮಗಳನ್ನು ಮಾತಾಡಿಸಲು ಬಂದವರು ಬಾಗಿಲಲ್ಲೇ ನಿಂತುಬಿಟ್ಟರು. “ಅಂಕಲ್, ನೀವು ಕಲಾವಿದರು ಬಿಡಿ! ನಮ್ಮನೆ ಕಿಟಕಿಗೂ ಒಂದು ಹೊಲಿದುಕೊಡಬೇಕು, ನಾಳೆನೇ ಬಟ್ಟೆ ತರ್ತೀನಿ.”

ಇದೇ ಟೀಚರಿಗೆ ಅವಳು ದಿಂಬಿನ ಚೀಲಗಳನ್ನು ಹೊಲಿದುಕೊಟ್ಟಿದ್ದಳು, ಎಷ್ಟೋ ಅಂಗಿಗಳ ಅಂಚು ಮಡಚಿಕೊಟ್ಟಿದ್ದಳು. ಆಗೆಲ್ಲ ಟೀಚರ್ ಹೇಳುತ್ತಿದ್ದದ್ದು, “ಪುರುಸೊತ್ತಾದಾಗ ಒಂದು ಹೊಲಿಗೆ ಓಡಿಸಿಬಿಡಿ ಆಂಟಿ,” ಎಂದು. ಅವಳು ಮಾಡಿದರೆ ಪುರುಸೊತ್ತು, ಅವನು ಮಾಡಿದರೆ ಕಲೆ. ಹೊಟ್ಟೆಯೊಳಗೆ ಯಾರೋ ಒಲೆ ಹಚ್ಚಿದ ಹಾಗಾಯಿತು. ಅದು ಹೊಟ್ಟೆಕಿಚ್ಚೇ. ಬೇರೆ ಹೆಸರಿಟ್ಟು ಸಮಾಧಾನ ಮಾಡಿಕೊಳ್ಳುವ ಪೈಕಿ ಅವಳಲ್ಲ.

“ಅಮ್ಮಾ, ಇಷ್ಟು ವರ್ಷ ಮಷಿನ್ ನೀನೇ ಯಾಕೆ ಇಟ್ಕೊಂಡಿದ್ದೆ? ಮೊದಲೇ ಅಪ್ಪಂಗೆ ಕೊಡಬೇಕಿತ್ತು,” ಎಂದು ಮಗಳು ನಕ್ಕಳು. ತಮಾಷೆಗೆ ಅಂದದ್ದು. ಹಾಗೆಂದವಳು ತೊಟ್ಟಿದ್ದ ಅಂಗಿ ಅಮ್ಮ ಹೊಲಿದದ್ದು, ತೋಳಿಗೆ ಎರಡೆರಡು ಸಲ ಲೇಸ್ ಬಿಚ್ಚಿ ಹಾಕಿ ಹೊಲಿದದ್ದು.

ಊಟವಾದ ಮೇಲೆ ಮಗಳು ತನ್ನ ಚೀಲದಿಂದ ದೊಡ್ಡದೊಂದು ಗಂಟು ತೆಗೆದಳು. ತಿಳಿನೀಲಿ ಹತ್ತಿಬಟ್ಟೆ, ಹದಿನಾಲ್ಕು ಮೀಟರ್. ಹೋದ ತಿಂಗಳು ಅವರಿಗೆ ಹೊಸ ಮನೆಯ ಕೀಲಿ ಸಿಕ್ಕಿತ್ತು. ಆ ಸುದ್ದಿ ಕೇಳಿದ ದಿನದಿಂದ ಅವಳು ಕಾಯುತ್ತಿದ್ದಳು, ಪರದೆ ಹೊಲಿದುಕೊಡಮ್ಮಾ ಎಂದು ಮಗಳು ಕೇಳಲಿ ಎಂದು. ತಾನಾಗಿ ಕೇಳಲು ಬಿಗುಮಾನ. ಯಾವ ಕೋಣೆಗೆ ನೆರಿಗೆ, ಯಾವುದಕ್ಕೆ ಸರಳಿಗೆ ಪೋಣಿಸುವ ಬಳೆ ಎಂದು ಪಾತ್ರೆ ತೊಳೆಯುವಾಗ, ಬಸ್ಸಿಗೆ ಕಾಯುವಾಗ ಮನಸ್ಸಿನಲ್ಲೇ ಹೊಲಿದು ಮುಗಿಸಿದ್ದಳು.

“ಅಮ್ಮನ ಕೈಲಿ ಹೊಲಿಸೋಣ ಅಂತ ತಂದಿದ್ದೆ,” ಎಂದಳು ಮಗಳು. “ಈಗ ನೀನೇ ಹೊಲಿ ಅಪ್ಪ. ಅಮ್ಮಂಗೂ ಸ್ವಲ್ಪ ರೆಸ್ಟ್.”

ಮೇಸ್ತ್ರಿ ಉಬ್ಬಿಹೋದ. “ನಾಳೆ ಬೆಳಗ್ಗೆನೇ ಕತ್ತರಿ ಹಾಕ್ತೀನಿ. ಎಲ್ಲಾ ಕಿಟಕಿದೂ ಅಳತೆ ಬರ್ಕೊಡು, ದಾರದಷ್ಟೂ ಆಚೀಚೆ ಆಗಬಾರದು.”

ಅವಳು ತಟ್ಟೆಗಳನ್ನು ಎತ್ತಿಕೊಂಡು ಒಳಗೆ ಹೋದಳು. ನಲ್ಲಿ ಜೋರಾಗಿ ಬಿಟ್ಟಳು.

ಸೋಮವಾರ ಬೆಳಗ್ಗೆ ಅಪ್ಪ ಮಗಳು ಹಾಲು ತರಲು ಹೋದಾಗ ಅವಳು ಸ್ಟೂಲ್ ಹತ್ತಿ ಹಳದಿ ಪರದೆಯನ್ನು ಇಳಿಸಿದಳು. ಗಂಜಿಯ ವಾಸನೆ ಹೋಗಲಿ ಎಂದು ಒಗೆಯುತ್ತಿದ್ದೇನೆ ಎಂದು ತನಗೇ ಹೇಳಿಕೊಂಡಳು. ಮಗಳ ಬಟ್ಟೆ ಹಾಳಾಗುವ ಮೊದಲು ಅವನಿಗೆ ತಿಳಿಯಲಿ ಎಂದೂ ಹೇಳಿಕೊಂಡಳು. ಎರಡೂ ಅರ್ಧರ್ಧ ನಿಜ. ಎರಡು ಮಾತು ಬಾಯಿಬಿಟ್ಟು ಹೇಳಿದ್ದರೆ ಮುಗಿಯುತ್ತಿತ್ತು ಎಂಬುದು ಪೂರ್ತಿ ನಿಜ. ಬಿಸಿನೀರಿನಲ್ಲಿ ಅದ್ದಿ, ಹಿಂಡಿ, ಚುರುಗುಟ್ಟುವ ಬಿಸಿಲಿಗೆ ಹರವಿದಳು.

ಹಾಲು ತಂದವನು ಬೋಳು ಕಿಟಕಿ ನೋಡಿ, “ಒಗೆದ್ಯಾ? ಒಳ್ಳೇದಾಯ್ತು, ಒಣಗಲಿ,” ಎಂದ. “ಇದನ್ನೇ ಮಾದರಿ ಇಟ್ಕೊಂಡು ಅದಕ್ಕೆ ಕತ್ತರಿ ಹಾಕ್ತೀನಿ.” ಅಲ್ಲಿಯವರೆಗೆ ನೀಲಿ ಬಟ್ಟೆಯ ಲೆಕ್ಕ ಹಾಕುತ್ತ ಕೂತ.

ಮಧ್ಯಾಹ್ನ ಅವನೇ ಪರದೆ ತಂದು ಸರಳಿಗೆ ಪೋಣಿಸಿದ. ಕೆಳಗಿಳಿದು ಎರಡು ಹೆಜ್ಜೆ ಹಿಂದೆ ಸರಿದ. ಪರದೆ ಕಿಟಕಿಯ ಪಟ್ಟಿಗಿಂತ ಸಾಕಷ್ಟು ಮೇಲೆ ನಿಂತಿತ್ತು. ಅದರ ಕೆಳಗಿಂದ ಎದುರುಮನೆಯ ಗೇಟು, ಒಂದು ಸೈಕಲ್ಲಿನ ಚಕ್ರ ಕಾಣುತ್ತಿದ್ದವು. ಮೇಸ್ತ್ರಿ ಸ್ಕೇಲು ತಂದು ಹಿಡಿದ. ಮೂರು ಇಂಚು.

ಪೆನ್ಸಿಲಿನ ಹಾಳೆ ತಂದು ಕಿಟಕಿಯನ್ನು ಮತ್ತೆ ಅಳೆದ. ಹಾಳೆ ನೋಡಿದ. ಮತ್ತೆ ಅಳೆದ.

ಮಗಳು ಅಡುಗೆಮನೆಗೆ ಬಂದು ದನಿ ತಗ್ಗಿಸಿದಳು. “ಪಾಪ, ಅಪ್ಪಂದು ಎಲ್ಲೋ ಅಳತೆ ತಪ್ಪಿದೆ. ನನ್ನ ಬಟ್ಟೆ ವಾಪಸ್ ತಗೊಂಡು ಹೋಗ್ತೀನಿ ಅಮ್ಮ.”

“ಯಾಕೆ? ನಾನು ಹೊಲಿದುಕೊಡ್ತೀನಲ್ಲ.” ಅವಳ ಮಾತು ಬೇಕಾದ್ದಕ್ಕಿಂತ ಬೇಗ ಹೊರಬಿತ್ತು.

“ಬೇಡಮ್ಮ. ಅಪ್ಪಂಗೆ ಕೊಟ್ಟಿದ್ದನ್ನ ಕಿತ್ತು ನಿಂಗೆ ಕೊಟ್ರೆ ಅವರಿಗೆ ಎಷ್ಟು ಬೇಜಾರಾಗಲ್ಲ? ಮುಖ ನೋಡಿದ್ಯಾ ನೀನು? ಅಲ್ಲೇ ಯಾರಾದ್ರೂ ಟೈಲರ್ ಹತ್ರ ಹೊಲಿಸಿಬಿಡ್ತೀನಿ. ಯಾರಿಗೂ ನೋವಿಲ್ಲ.”

ನೀಲಿ ಬಟ್ಟೆ ಮತ್ತೆ ಚೀಲ ಸೇರಿತು. ಜಿಪ್ ಎಳೆಯುವ ತನಕ ಅವಳು ನೋಡುತ್ತ ನಿಂತಿದ್ದಳು. ಮೂರು ಗಂಟೆಯ ಬಸ್ಸಿಗೆ ಮಗಳು ಹೊರಟಳು. ಹೋಗುವಾಗ ಅಪ್ಪನ ಬೆನ್ನು ಸವರಿ, “ಏನಾಗಲ್ಲ ಬಿಡಪ್ಪ,” ಎಂದು ಮಗುವಿಗೆ ಹೇಳಿದ ಹಾಗೆ ಹೇಳಿದಳು. ಆ ಸವರುವಿಕೆ ಅವನನ್ನು ಇನ್ನಷ್ಟು ಕುಗ್ಗಿಸಿತು.

ಬಸ್‌ಸ್ಟಾಪಿನಲ್ಲಿ ಮಗಳನ್ನು ಹತ್ತಿಸಿ ಅವಳು ಹಿಂದಿರುಗಿದಾಗ ಮೇಸ್ತ್ರಿ ಇನ್ನೂ ಕಿಟಕಿಯ ಹತ್ತಿರವೇ ಇದ್ದ. ಈಗ ಅವಳ ಹೊಲಿಗೆ ಟೇಪನ್ನು ತನ್ನ ಸ್ಟೀಲ್ ಸ್ಕೇಲಿನ ಪಕ್ಕ ಇಟ್ಟು, ಸ್ಕೇಲೇ ಸುಳ್ಳು ಹೇಳುತ್ತಿದೆಯೋ ಎಂದು ನೋಡುತ್ತಿದ್ದ. ಅವಳು ಬಂದದ್ದು ಅವನಿಗೆ ತಿಳಿಯಲಿಲ್ಲ. “ಕೈ ಹೋಗ್ಬಿಡ್ತಾ ನಂದು?” ಎಂದು ತನಗೆ ತಾನೇ ಕೇಳಿಕೊಂಡ. ಎರಡೇ ತಿಂಗಳಲ್ಲಿ ಅವನಿಗೆ ಇಷ್ಟು ವಯಸ್ಸಾದದ್ದನ್ನು ಅವಳು ಈಗ ಕಂಡಳು.

“ಅಳತೆ ಸರಿಯಾಗೇ ಇತ್ತು ರೀ,” ಎಂದಳು.

ಅವನು ತಿರುಗಿದ.

“ಹತ್ತಿಬಟ್ಟೆನ ಮೊದಲು ನೆನೆಸಿ ಒಣಗಿಸ್ಬೇಕು. ಆಮೇಲೆ ಕತ್ತರಿಸೋದು. ಇಲ್ದಿದ್ರೆ ಒಗೆದಾಗ ಕುಗ್ಗತ್ತೆ. ನಿಮ್ಮ ಅಳತೆಲಿ ಏನೂ ತಪ್ಪಿಲ್ಲ.”

ಮೇಸ್ತ್ರಿಯ ಮುಖದಲ್ಲಿ ಒಂದು ಗಳಿಗೆ ಸಮಾಧಾನ ಹರಡಿತು. ಆಮೇಲೆ ಅದು ನಿಧಾನಕ್ಕೆ ಹಿಂದಕ್ಕೆ ಹೋಯಿತು.

“ನಾನು ಕತ್ತರಿಸುವಾಗ ನೀನು ಅಲ್ಲೇ ಕೂತಿದ್ದೆ.”

“ಹೂಂ.”

“ಬೀನ್ಸ್ ಹೆಚ್ತಾ ಇದ್ದೆ.”

“ಹೂಂ.”

“ಇವತ್ತು ಒಗೆದವಳೂ ನೀನೇ.”

ಮೇಸ್ತ್ರಿ ಸ್ಕೇಲನ್ನು ಕಿಟಕಿಯ ಪಟ್ಟಿಯ ಮೇಲಿಟ್ಟು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಕೂಗಾಡಿದ್ದರೆ ಅವಳೂ ಕೂಗಾಡುತ್ತಿದ್ದಳು. ಮೂವತ್ತೊಂದು ವರ್ಷದ್ದು ಹೊಟ್ಟೆಯಲ್ಲಿತ್ತು, ಒಂದೊಂದಾಗಿ ತೆಗೆಯುತ್ತಿದ್ದಳು.

ಅದೇ ಹೊತ್ತಿಗೆ ಗೇಟು ಕಿರ್ರೆಂದಿತು. ಟೀಚರ್, ಕೈಯಲ್ಲಿ ಬಟ್ಟೆಯ ಪೊಟ್ಟಣ. “ಅಂಕಲ್, ತಂದೇಬಿಟ್ಟೆ ನೋಡಿ. ಯಾವಾಗ ಕೊಡ್ತೀರಿ?”

ಬಾಗಿಲ ಹಿಂದೆ ಅವಳು ಉಸಿರು ಹಿಡಿದು ನಿಂತಳು. ಇನ್ನೇನು ಹೇಳುತ್ತಾನೆ, ನನ್ನ ಹೆಂಡತಿ ಎಂಥವಳು ಗೊತ್ತಾ ಟೀಚರ್ ಎನ್ನುತ್ತಾನೆ ಎಂದುಕೊಂಡಳು.

“ಅವಳ ಹತ್ರ ಕೊಡಿ ಟೀಚರ್,” ಎಂದ ಮೇಸ್ತ್ರಿ. “ಮೊದಲು ನೆನೆಸ್ಬೇಕು ಇದನ್ನ. ನಂಗೆ ಗೊತ್ತಿರಲಿಲ್ಲ, ಹಾಳು ಮಾಡ್ಕೊಂಡೆ. ಅವಳಿಗೆ ಎಲ್ಲಾ ಗೊತ್ತು. ಹೊಲಿಗೆ ಅಂದ್ರೆ ಅವಳೇ.”

ಬೀದಿಗೇ ಕೇಳುವಷ್ಟು ಗಟ್ಟಿಯಾಗಿ ಹೇಳಿದ. ದನಿಯಲ್ಲಿ ಕುಹಕ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

“ಹೌದಾ ಆಂಟಿ?” ಎನ್ನುತ್ತ ಟೀಚರ್ ಒಳಗೆ ಬಂದು ಪೊಟ್ಟಣವನ್ನು ಅವಳ ಕೈಗಿಟ್ಟರು. “ಗೊತ್ತೇ ಇರಲಿಲ್ಲ ನೋಡಿ. ನಿಮ್ಮನ್ನೇ ಕೇಳಬೇಕಿತ್ತು ನಾವು.” ಅವಳು ಹೌದು ಎಂದು ತಲೆಯಾಡಿಸಿದಳು. ಗುರುವಾರ ಕೊಡುತ್ತೇನೆ ಎಂದಳು. ಇಷ್ಟು ಕೇಳುವುದಕ್ಕೆ ಎಷ್ಟು ವರ್ಷ ಕಾದಿದ್ದಳು, ಈಗ ಟೀಚರ್ ಬೇಗ ಹೋದರೆ ಸಾಕಾಗಿತ್ತು.

ಟೀಚರ್ ಹೋದ ಮೇಲೆ ಅವಳು ಹಳದಿ ಪರದೆಯನ್ನು ಇಳಿಸಿ, ಬ್ಲೇಡ್ ಹಿಡಿದು ನೆಲದ ಮೇಲೆ ಕೂತಳು. ಕೆಳ ಅಂಚನ್ನು ಮೇಸ್ತ್ರಿ ಎರಡು ಇಂಚು ಒಳಕ್ಕೆ ಮಡಚಿ ಹೊಲಿದಿದ್ದ. ಅದನ್ನು ಬಿಚ್ಚಿದರೆ ಅಷ್ಟಾದರೂ ಇಳಿಯುತ್ತದೆ. ಹೊಲಿಗೆ ಎಷ್ಟು ಸಣ್ಣ, ಎಷ್ಟು ಬಿಗಿ ಎಂದರೆ ಬ್ಲೇಡಿನ ಮೂಲೆಗೆ ಜಾಗವೇ ಸಿಗುತ್ತಿರಲಿಲ್ಲ. ಒಂದೊಂದನ್ನೇ ಕುಯ್ದು, ದಾರದ ಚೂರನ್ನು ಉಗುರಿನಿಂದ ಎಳೆದು ತೆಗೆದಳು. ಹೊರಗೆ ಮೆಟ್ಟಿಲ ಮೇಲೆ ಅವನ ಬೆನ್ನು ಅಲುಗಾಡದೆ ಕೂತಿತ್ತು.

ಬಿಚ್ಚಿದ ಅಂಚಿಗೆ ಇಸ್ತ್ರಿ ಹಾಕಿ ಪರದೆಯನ್ನು ಮತ್ತೆ ಏರಿಸಿದಳು. ಇನ್ನೂ ಒಂದು ಇಂಚು ಗಿಡ್ಡ. ಸಂಜೆಯ ಬಿಸಿಲು ನೇರವಾಗಿ ಕಿಟಕಿಗೆ ಬಿದ್ದಿತ್ತು. ಬಿಚ್ಚಿದ ಹೊಲಿಗೆಯ ಸೂಜಿತೂತುಗಳಲ್ಲಿ ಬೆಳಕು ತೂರಿ, ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ಸಾಲಾಗಿ ನಿಂತಿತ್ತು. ಒಂದು ತೂತೂ ಗೆರೆ ತಪ್ಪಿರಲಿಲ್ಲ.