ಮೂರು ಸುತ್ತು ಗುಂಡು

ಥೋರಾ ಬನ್ನಿಗೆ ಬೆಣ್ಣೆ ಸವರುತ್ತಲೇ ಇದ್ದಳು. ಚರ್ಚಿನ ನೆಲಮಾಳಿಗೆಯ ಅಡುಗೆಮನೆಯಲ್ಲಿ ಹೆಂಗಸರು ಅವಳ ಕೈಯ ಚಾಕು ಕಸಿದುಕೊಳ್ಳಲು ನೋಡಿ ಸೋತಿದ್ದರು. ಗಂಡನನ್ನು ಮಣ್ಣು ಮಾಡುವ ದಿನ ಹೆಂಡತಿಯೇ ಬಂದವರಿಗೆ ತಿಂಡಿ ಮಾಡುವುದು ಅಮೆರಿಕದ ಮಿನ್ನೆಸೋಟದ ಈ ಊರಿನಲ್ಲೂ ಕಂಡದ್ದಲ್ಲ. ಆದರೆ ಆ ಅಡುಗೆಮನೆಯ ಕಿಟಕಿಯಿಂದ ಅಂಗಳ ಕಾಣುತ್ತಿತ್ತು. ಅಲ್ಲಿ ಮಾಜಿ ಸೈನಿಕರ ಸಂಘದ ಏಳು ಮಂದಿ ಮುದುಕರು ಬಂದೂಕು ಒರೆಸುತ್ತಿದ್ದರು. ಮುಖಂಡ ಮೆಲ್ವಿನ್ ಅವರನ್ನು ಸಾಲಾಗಿ ನಿಲ್ಲಿಸಲು ಒದ್ದಾಡುತ್ತಿದ್ದ.

ಯುದ್ಧಕ್ಕೆ ಹೋಗಿಬಂದವನು ಸತ್ತರೆ ಸಮಾಧಿಯ ಪಕ್ಕ ಮೂರು ಸುತ್ತು ಗುಂಡು ಹಾರಬೇಕು. ಕುಡಿದು ಕಾಲುವೆಗೆ ಬಿದ್ದು ಸತ್ತವನಿಗೂ ಸಂಘ ಅದನ್ನು ತಪ್ಪಿಸಿರಲಿಲ್ಲ. ಈಗ ಗಂಡ ಆರ್ವಿಡ್‌ಗೆ ಬೇಡವೆಂದರೆ ಊರು ಯಾಕೆಂದು ಕೇಳುತ್ತದೆ. ಯಾರಿಗೂ ಹೇಳಬಾರದೆಂದು ಮದುವೆಯಾದ ವರ್ಷವೇ ಅವನು ಅವಳಿಂದ ಮಾತು ತೆಗೆದುಕೊಂಡಿದ್ದ. ಸುಮ್ಮನಿದ್ದರೆ, ಬದುಕಿಡೀ ಯಾವ ಸದ್ದಿನಿಂದ ಅವನನ್ನು ಕಾಪಾಡಿಕೊಂಡು ಬಂದಳೋ ಅದೇ ಸದ್ದು ಅವನ ತಲೆಯ ಮೇಲೆ. ಸತ್ತವನಿಗೆ ಏನು ಕೇಳಿಸೀತು ಎನ್ನಬಹುದು. ಹಾಗೆ ನಂಬುವ ಧೈರ್ಯ ಥೋರಾಗೆ ಇರಲಿಲ್ಲ.

*

ಮದುವೆಯಾದ ಮೇಲಿನ ಮೊದಲ ಜುಲೈ ನಾಲ್ಕು, ದೇಶದ ಸ್ವಾತಂತ್ರ್ಯ ದಿನ. ಊರಿಗೆ ಊರೇ ಕೆರೆಯ ದಂಡೆಯಲ್ಲಿ ಪಟಾಕಿ ನೋಡುತ್ತಿದ್ದರೆ ಆರ್ವಿಡ್ ನಾಪತ್ತೆ. ಥೋರಾ ಮನೆಗೆ ಬಂದಾಗ ಕೊಟ್ಟಿಗೆಯಲ್ಲಿ ಹಾಲು ಕರೆಯುವ ಯಂತ್ರ ಗಡಗಡನೆ ಓಡುತ್ತಿತ್ತು. ಹಸುಗಳನ್ನು ಕರೆದು ಎಷ್ಟೋ ಹೊತ್ತಾಗಿತ್ತು. ಅವನು ಯಂತ್ರಕ್ಕೆ ಕಿವಿ ಒತ್ತಿಕೊಂಡು ಕೂತಿದ್ದ.

ಆ ರಾತ್ರಿ ಅವನು ಒಂದೇ ಸಲ ಎಲ್ಲವನ್ನೂ ಹೇಳಿದ. ಬಾಂಬರ್ ವಿಮಾನದ ಬಾಲದಲ್ಲಿ ಹಿಂದಕ್ಕೆ ಮುಖ ಮಾಡಿ ಬಂದೂಕು ಹಿಡಿದು ಕೂತವನು ಅವನು. ಅಷ್ಟೆತ್ತರದಲ್ಲಿ ಕೊಳವೆಯ ಗಾಳಿಯೇ ಉಸಿರು. ಕೊಳವೆ ಹೆಪ್ಪುಗಟ್ಟಿದರೆ ಮನುಷ್ಯ ತನಗೇ ತಿಳಿಯದಂತೆ ನಿದ್ದೆಹೋಗಿ ಸಾಯುತ್ತಾನೆ. ಅದಕ್ಕೇ ಸಹಪೈಲಟ್ ಆಗಾಗ ಒಬ್ಬೊಬ್ಬರನ್ನಾಗಿ ಕರೆಯುವ ಪದ್ಧತಿ, ಇದ್ದೇನೆ ಎನ್ನಬೇಕು. ಒಂದು ದಿನ ಗುಂಡಿನ ಸದ್ದೆಲ್ಲ ನಿಂತ ಮೇಲೆ ಕರೆದಾಗ ವಿಮಾನದ ಹೊಟ್ಟೆಯಡಿ ಕೂತಿದ್ದ ಲಿಯೋ ಮಾತಾಡಲಿಲ್ಲ. ಮತ್ತೆ ಮತ್ತೆ ಕರೆದರು. ಈಗಲೂ ಎಲ್ಲೇ ಗುಂಡು ಹಾರಲಿ, ಆರ್ವಿಡ್ ಆ ಉತ್ತರಕ್ಕೆ ಕಾಯುತ್ತಾನೆ.

"ಊರಿಗೆ ಗೊತ್ತಾಗ್ಬಾರ್ದು ಥೋರಾ," ಎಂದ.

ಅವಳು ಪಕ್ಕದಲ್ಲೇ ಸ್ಟೂಲು ಹಾಕಿಕೊಂಡು ಕೂತಳು. ಹೊರಗೆ ಢಂ ಎಂದಾಗಲೆಲ್ಲ "ಆರ್ವಿಡ್?" ಎಂದು ಕರೆದಳು. "ಇದ್ದೀನಿ," ಎಂದ ಅವನು. ಅಲ್ಲಿಂದಾಚೆ ಪ್ರತಿ ಜುಲೈ ನಾಲ್ಕರಂದು ಅವಳ ಹಬ್ಬ ಅದೇ. ಅವನಿಗೆ ಜಂಬ, ಹಸು ಬಿಟ್ಟು ಬದುಕಲಾರ ಎಂದು ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕುವವರಾರು?

*

ಥೋರಾ ಚಾಕು ಕೆಳಗಿಟ್ಟು ಅಂಗಳಕ್ಕೆ ಬಂದಳು. ಮೆಲ್ವಿನ್ ಸಂಘದ ಟೋಪಿ ತೆಗೆದ. ಇಬ್ಬರೂ ಒಂದೇ ಶಾಲೆಯಲ್ಲಿ ಓದಿದವರು.

"ಗುಂಡು ಬೇಡ ಕಣೋ ಮೆಲ್ವಿನ್."

"ಬೇಡ ಅಂದ್ರೆ? ಆರ್ವಿಡ್ ಏನು ಪಾಪ ಮಾಡಿದ್ದ? ಇವ್ರಿಗೆ ಏನಂತ ಹೇಳ್ಲಿ?"

"ನಂಗೆ ಹೆದ್ರಿಕೆ ಅಂತ ಹೇಳು. ಮುದುಕಿ, ಸದ್ದಾದ್ರೆ ಎದೆ ಹಾರುತ್ತೆ ಅಂತ."

ಮೆಲ್ವಿನ್ ಅವಳನ್ನೇ ನೋಡಿದ. ಹೋದ ಚಳಿಗಾಲ ಕೋಳಿಗೂಡಿಗೆ ನುಗ್ಗಿದ ನರಿಯನ್ನು ಒಂದೇ ಗುಂಡಿಗೆ ಉರುಳಿಸಿದವಳು ಇವಳು. ಆ ಕತೆಯನ್ನು ಊರೆಲ್ಲ ಹೇಳಿಕೊಂಡು ತಿರುಗಿದವನು ಅವನೇ.

"ನಿಂಗೆ ಹೆದ್ರಿಕೆ," ಎಂದ.

"ಹೂಂ. ನಂಗೇ."

ಅವನು ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತ ನಿಂತ. ಆಮೇಲೆ ದನಿ ತಗ್ಗಿಸಿ, "ನಮ್ಮ ಮಾರ್ಲಿಸ್‌ಗೂ ಹಂಗೇ ಕಣೆ," ಎಂದ. "ಜುಲೈ ನಾಲ್ಕು ಬಂತು ಅಂದ್ರೆ ನೆಲಮಾಳಿಗೆ ಸೇರ್ಕೋತಾಳೆ. ಜೊತೆಗೆ ನಾನೂ ಇರ್ಬೇಕು."

ಅವನ ಹೆಂಡತಿ ಮಾರ್ಲಿಸ್ ಪ್ರತಿ ಜುಲೈ ನಾಲ್ಕಕ್ಕೂ ಪಟಾಕಿ ಮುಗಿಯುವವರೆಗೆ ಕೆರೆಯ ದಂಡೆಯಲ್ಲಿ ಹಣ್ಣಿನ ಪೈ ಮಾರುವುದು ಊರಿಗೇ ಗೊತ್ತಿತ್ತು. ಇಷ್ಟು ವರ್ಷ ಎಲ್ಲರ ಸಮಾಧಿಯ ಮುಂದೆ ಗುಂಡು ಹಾರಿಸಲು ಅಪ್ಪಣೆ ಕೊಟ್ಟವನು ಇವನೇ. ಥೋರಾ ಅವನ ತೋಳು ಮುಟ್ಟಿ, "ಪಾಪ ಮಾರ್ಲಿಸ್," ಎಂದಳು.

ವಿಧವೆಗೆ ಎದೆ ಹಾರುತ್ತದಂತೆ ಎಂಬ ಸುದ್ದಿ ಸಮಾಧಿಯ ಬಳಿ ಹೋಗುವಷ್ಟರಲ್ಲಿ ಹಬ್ಬಿತ್ತು. ಹೆಂಗಸರು ಕನಿಕರದಿಂದ ಅವಳ ಎರಡೂ ತೋಳು ಹಿಡಿದುಕೊಂಡರು. ಪಾದ್ರಿ ಮಣ್ಣು ಹಾಕಿದ ಮೇಲೆ ಮೆಲ್ವಿನ್ ಅಪ್ಪಣೆ ಕೊಟ್ಟ. ಏಳು ಖಾಲಿ ಬಂದೂಕುಗಳು ಆಕಾಶಕ್ಕೆ ಎದ್ದವು, ಇಳಿದವು, ಮತ್ತೆ ಎದ್ದವು. ಥೋರಾ ಮೆಲ್ವಿನ್‌ನತ್ತ ನೋಡಿದಳು. ಗುಂಡಿಲ್ಲವೆಂದು ಗೊತ್ತಿದ್ದೂ ಅವನು ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿದ್ದ. ಮೂರನೆಯ ಸಲ ಬಂದೂಕು ಎದ್ದಾಗ ಒಂದು ಕಣ್ಣು ತೆರೆದ, ಆಮೇಲೆ ಮೆಲ್ಲಗೆ ಇನ್ನೊಂದು.