ತಳದಲ್ಲಿ ಉಳಿಸಬೇಕಾದ ಗ್ಯಾಸು

"ಖಾಲಿ ಟ್ಯಾಂಕರಿನ ತಳದಲ್ಲೂ ಒಂದಿಷ್ಟು ಗ್ಯಾಸ್ ಇರತ್ತೆ ಕಣೋ. ನಿನ್ನ ತಲೆಯಲ್ಲಿ ಅದೂ ಇಲ್ಲ."

ಟ್ಯಾಂಕರುಗಳಿಗೆ ಗ್ಯಾಸು ತುಂಬುವ ಯಾರ್ಡಿನ ಮೇಸ್ತ್ರಿ ಇದನ್ನು ಹೇಳಿದ್ದು ಚಹಾದಂಗಡಿಯ ಮುಂದೆ, ಲೋಡಿಗೆ ಕಾದಿದ್ದ ಡ್ರೈವರುಗಳೆಲ್ಲರ ಎದುರಿಗೆ. ಎಲ್ಲರೂ ಹೊಟ್ಟೆ ಹಿಡಿದು ನಕ್ಕರು. ಅನ್ನಿಸಿಕೊಂಡವನು ಅವರಲ್ಲೇ ಕಿರಿಯವನು. ಮೂಗಿನ ತುದಿಯಲ್ಲೇ ಸಿಟ್ಟು. ಅದಕ್ಕೇ ಅವನಿಗೆ ಮೆಣಸಿನಕಾಯಿ ಎಂಬ ಹೆಸರು. ಇವತ್ತು ಮಾತ್ರ ಲೋಟ ಹಿಡಿದು ಸುಮ್ಮನೆ ನಿಂತಿದ್ದ.

ತಪ್ಪು ಅವನದೇ. ಹಡಗಿನಲ್ಲಿ ಬಂದಿಳಿಯುವ ಆ ಗ್ಯಾಸು ದ್ರವವಾಗಿ ಉಳಿಯುವುದು ಕೊರೆಯುವ ಚಳಿಯಲ್ಲಿ ಮಾತ್ರ. ಅದಕ್ಕೇ ಟ್ಯಾಂಕರನ್ನು ಪೂರ್ತಿ ಬರಿದು ಮಾಡುವಂತಿಲ್ಲ. ಒಳಗು ತಣ್ಣಗಿರಲೆಂದು ತಳದಲ್ಲಿ ಸ್ವಲ್ಪ ಉಳಿಸಿಕೊಂಡೇ ಮರಳಬೇಕು. ಬೆಚ್ಚಗಾದ ಟ್ಯಾಂಕಿಗೆ ತುಂಬುವುದೆಂದರೆ ಕಾದ ಬಾಣಲೆಗೆ ನೀರು ಹೊಯ್ದ ಹಾಗೆ. ಮೊದಲು ಒಂದಷ್ಟು ಗ್ಯಾಸು ಸುರಿದು ತಣಿಸಬೇಕು, ಸುರಿದದ್ದೆಲ್ಲ ಆವಿ. ಆ ಆವಿಯನ್ನು ಹಿಡಿದು ಮರಳಿಸುವ ಯಂತ್ರ ಯಾರ್ಡಿನಲ್ಲಿ ಕೆಟ್ಟು ಕೂತಿತ್ತು. ಸಮುದ್ರ ದಾಟಿ ಬಂದದ್ದನ್ನು ಗಾಳಿಗೆ ತೂರಬೇಕು. ಎಲ್ಲರೂ ಉಸಿರಾಡುವ ಆ ಗಾಳಿಯೇನು ಯಾರಪ್ಪನ ಮನೆಯದು?

ಎಲ್ಲ ಗೊತ್ತಿದ್ದೂ ಬರಿದು ಮಾಡಿದ್ದ. ಮಾಡಿಸಿದವಳು ಅವನ ಅಕ್ಕ. ಗಾಜಿನ ಕಾರ್ಖಾನೆಯಲ್ಲಿ ಗ್ಯಾಸಿನ ದಾಸ್ತಾನು ಅವಳ ಜವಾಬ್ದಾರಿ. ಹೆಚ್ಚು ತರಿಸಿಟ್ಟರೆ ನಿಂತಲ್ಲೇ ಆವಿಯಾಗಿ ಪೋಲಾಗುತ್ತದೆಂದು ಕೈ ಬಿಗಿಹಿಡಿದು ತರಿಸುತ್ತಿದ್ದಳು. ಈ ಸಲ ಹಡಗು ತಡವಾಯಿತು; ತಮ್ಮ ತಂದದ್ದೂ ಅರೆ ಲೋಡು. ಗ್ಯಾಸು ಸಾಲದೆ ಕುಲುಮೆ ಆರಿದರೆ ಒಳಗಿನ ಗಾಜು ಗಟ್ಟಿಯಾಗಿ ಕುಲುಮೆಯೇ ಸೀಳಿಹೋಗುತ್ತದೆ.

"ತಳದಲ್ಲಿರೋದನ್ನೂ ಕೊಟ್ಬಿಡು, ಇನ್ನೊಂದು ಟ್ಯಾಂಕರ್ ಬರೋವರೆಗೆ ಸಾಕು ಕಣೋ," ಎಂದಿದ್ದಳು ಅಕ್ಕ. "ನಾನು ಕೇಳಿದೆ ಅಂತ ಮಾತ್ರ ಯಾರಿಗೂ ಹೇಳ್ಬೇಡ. ಈ ಕೆಲಸ ಹೋದ್ರೆ ನನಗೆ ಬೇರೆ ದಿಕ್ಕಿಲ್ಲ."

ಕುಲುಮೆ ಉಳಿಯಿತು. ಬೆಚ್ಚಗಾದ ಟ್ಯಾಂಕರು ಯಾರ್ಡಿನ ಮೂಲೆಯಲ್ಲಿ ಮುನಿಸಿಕೊಂಡವರ ಹಾಗೆ ನಿಂತಿತು.

ಮೇಸ್ತ್ರಿ ಕೆಟ್ಟವನಲ್ಲ, ಬಾಯಿ ಕೆಟ್ಟದು. ನಗು ಅಡಗಿದ ಮೇಲೆ ಬೆಂಚಿನ ತುದಿಗೆ ಬಂದು ಕೂತ. ಬರಿದು ಮಾಡಿಸಿದವರ ಹೆಸರನ್ನು ಮೇಲಿನವರು ಕೇಳುತ್ತಿದ್ದಾರೆ ಎಂದ. ಕಾರ್ಖಾನೆಯವರೇ ಒತ್ತಾಯ ಮಾಡಿದ್ದಾದರೆ ತಪ್ಪು ಅವರ ತಲೆಗೆ. ಇಲ್ಲದಿದ್ದರೆ ಗಾಡಿ ಬೇರೆಯವನ ಕೈಗೆ.

"ಹೇಳ್ಬಿಡಪ್ಪಾ ಮೆಣಸಿನಕಾಯಿ," ಎಂದ ಹಿರಿಯ ಡ್ರೈವರ್. "ದಿನಾ ಕೇಳದೇನೇ ಬೈತಿದ್ದೋನು, ಇವತ್ತು ಕೇಳಿದ್ರೆ ಬಾಯಿಗೆ ಬೀಗವಾ?"

ಅವನ ಮೈಯೆಲ್ಲ ಉರಿಯುತ್ತಿತ್ತು. ಆದರೆ ತನ್ನ ಬಾಯಿ ಅವನಿಗೆ ಗೊತ್ತು. ಒಂದು ಬೈಗುಳಕ್ಕೆ ತೆರೆದರೂ ಅದರ ಹಿಂದೆಯೇ ಅಕ್ಕನೂ ಹೊರಬೀಳುತ್ತಾಳೆ.

"ಯಾರೋ ಹೇಳಿದ್ದು?" ಮೇಸ್ತ್ರಿ ಮೆಲ್ಲಗೆ ಕೇಳಿದ. "ಹೆಸರು ಹೇಳು, ಗಾಡಿ ನಿಂದೇ."

ಅವನು ಲೋಟ ತೊಳೆದು ಮಗುಚಿಟ್ಟ. ಅದರ ಪಕ್ಕದಲ್ಲಿ ಗಾಡಿಯ ಕೀಲಿಕೈ ಇಟ್ಟ. ಗೇಟಿನ ಕಡೆ ನಡೆದುಬಿಟ್ಟ.