ಒಮ್ಮೆ ಹಿಡಿದ ಬೆಲ್ಟು

ಅಮ್ಮ ಬಿಸಿನೀರಿಗೆ ಸೋಪು ಕದಡಿ, ಬೆಲ್ಟನ್ನು ಅಡಿಗೆಮನೆಯ ಮೇಜಿನ ಮೇಲೆ ಉದ್ದಕ್ಕೆ ಹಾಸಿ, ಮೆತ್ತನೆಯ ಬಟ್ಟೆಯಿಂದ ಒರೆಸುತ್ತಿದ್ದಳು. ಅವಳು ಒರೆಸಿದಷ್ಟನ್ನು ನಾನು ಟವೆಲಿನಲ್ಲಿ ಒತ್ತಿ ಒಣಗಿಸುತ್ತಿದ್ದೆ. ಕಿಟಕಿಯಾಚೆ ಸರೋವರ ಹೆಪ್ಪುಗಟ್ಟಿ ಬೆಳ್ಳಗೆ ಮಲಗಿತ್ತು. ಮಾರ್ಚ್ ತಿಂಗಳ ಬಿಸಿಲು ಅದಕ್ಕೆ ತಾಗಿ, ಒಳಗೆ ಬಂದು, ನಮ್ಮ ಕೈಗಳ ಮೇಲೆ ನಡುಗುತ್ತಿತ್ತು.

ಅದು ಕಾರಿನ ಸೀಟ್ ಬೆಲ್ಟು, ಬೂದು ಬಣ್ಣದ್ದು. ಅಮ್ಮನೇ ನೇಯ್ದದ್ದು. ನಮ್ಮ ದ್ವೀಪದ ಎದುರು ದಡದಲ್ಲಿರುವ ನೇಯ್ಗೆ ಕಾರ್ಖಾನೆ ಮೊದಲು ಗಂಡಸರ ಪ್ಯಾಂಟು ಜಾರದಂತೆ ಹಿಡಿಯುವ ಹೆಗಲ ಪಟ್ಟಿ ಮಾಡುತ್ತಿತ್ತಂತೆ. ಅದನ್ನು ಹಾಕುವವರು ಕಡಿಮೆಯಾಗಿ ಮಗ್ಗಗಳು ಸುಮ್ಮನೆ ಕೂತಿದ್ದಾಗ ಕಾರು ಮಾಡುವವರು ಬಂದು, ಮನುಷ್ಯರನ್ನು ಸೀಟಿಗೆ ಕಟ್ಟಲು ಪಟ್ಟಿ ಬೇಕು ಅಂದರಂತೆ. ಊರೆಲ್ಲ ನಕ್ಕಿತು. ಅಮ್ಮ ನಗದೆ ಮಗ್ಗಕ್ಕೆ ಕೂತಳು.

ಎಡಬದಿಯಲ್ಲಿ ಓಡುತ್ತಿದ್ದ ನಮ್ಮ ದೇಶದ ಕಾರುಗಳೆಲ್ಲ ಸರ್ಕಾರ ನಿಯಮ ಬದಲಿಸಿದ್ದಕ್ಕೆ ಒಂದೇ ಬೆಳಿಗ್ಗೆ ಬಲಬದಿಗೆ ಹೋದ ವರ್ಷದ ಚಳಿಗಾಲದಲ್ಲಿ ಅಪ್ಪನ ಕಾರು ಜಾರಿ ಬರ್ಚ್ ಮರಕ್ಕೆ ಹೊಡೆಯಿತು. ಅಪ್ಪ ಬೆಲ್ಟು ಹಾಕಿರಲಿಲ್ಲ. ಅದೆಲ್ಲ ವಿಮಾನ ಓಡಿಸುವವರಿಗೆ ಅನ್ನುತ್ತಿದ್ದನಂತೆ. ಪಕ್ಕದಲ್ಲಿ ಅಮ್ಮ ಹಾಕಿದ್ದಳು, ತಾನು ನೇಯ್ದದ್ದು ಎಂಬ ಹೆಮ್ಮೆಗೆ. ನಾನು ಅವಳ ಹೊಟ್ಟೆಯಲ್ಲಿದ್ದೆ, ಪುಟ್ಟ ಅಕ್ಕ ಅಂದು ಮನೆಯಲ್ಲೇ ಇದ್ದಳು. ಅಪ್ಪ ಉಳಿಯಲಿಲ್ಲ, ನಾವಿಬ್ಬರು ಉಳಿದೆವು.

ಅಮ್ಮನ ಅಪ್ಪ, ನಮ್ಮ ಎವಾಲ್ಡ್ ತಾತ, ನಜ್ಜುಗುಜ್ಜಾದ ಕಾರಿನಿಂದ ಆ ಬೆಲ್ಟನ್ನು ಬಿಚ್ಚಿ ತಂದ. ಅಂದಿನಿಂದ ಮನೆಗೆ ಯಾವ ಕಾರು ಬಂದರೂ ಮುಂದಿನ ಸೀಟಿನ ಬೆಲ್ಟು ತೆಗೆದು ಕೊಟ್ಟಿಗೆಗೆ ಎಸೆದು, ಇದನ್ನೇ ಕೂರಿಸುತ್ತಾನೆ. ಒಮ್ಮೆ ಕಾಪಾಡಿದ್ದು, ಪರೀಕ್ಷೆಯಲ್ಲಿ ಗೆದ್ದದ್ದು, ಇದಕ್ಕಿಂತ ಗಟ್ಟಿ ಇನ್ನೇನು ಬೇಕು ಅನ್ನುವುದು ಅವನ ಲೆಕ್ಕ. ದ್ವೀಪದಲ್ಲಿ ಯಾರಾದರೂ ದೂರ ಹೊರಟರೆ ನಮ್ಮ ಅಂಗಳಕ್ಕೆ ಬಂದು ಕಾರಿನೊಳಗೆ ಕೈ ಚಾಚಿ ಅದನ್ನು ಮುಟ್ಟಿ ಹೋಗುವುದೂ ಉಂಟು. ನನ್ನನ್ನು ಅವರು ಬೆಲ್ಟಿನ ಮಗಳು ಅನ್ನುತ್ತಾರೆ.

ಈಗ ಮನೆಗೆ ಮತ್ತೊಂದು ಕಾರು ಬಂದಿತ್ತು. ಅಕ್ಕ ಹಿಲ್ಲೆವಿ ತುಂಬು ಬಸುರಿ. ಅವಳನ್ನು ಕಾಡಿನ ರಸ್ತೆಯಲ್ಲಿ ಅವಳ ಊರಿಗೆ ಬಿಟ್ಟು ಬರಬೇಕಿತ್ತು. ಅವಳು ಮುಂದಿನ ಸೀಟಿನಲ್ಲಿ, ಆ ಬೆಲ್ಟಿನಲ್ಲೇ ಕೂರಬೇಕೆಂದು ಅಮ್ಮ ಎಂದೋ ಹೇಳಿಬಿಟ್ಟಿದ್ದಳು.

ಒಣಗಿಸುತ್ತಿದ್ದ ನನ್ನ ಹೆಬ್ಬೆರಳು ಒಂದು ಕಡೆ ನಿಂತಿತು. ಎದೆಗೆ ಅಡ್ಡ ಬರುವ ಜಾಗ. ಅಲ್ಲಿ ಅಂಚು ಅಲೆಯಲೆಯಾಗಿತ್ತು, ಅಗಲ ಕಿರಿದಾಗಿತ್ತು, ನೇಯ್ಗೆ ಒಣಗಿದ ಮೀನಿನ ಹಾಗೆ ಬಿರುಸಾಗಿತ್ತು.

ನಾನು ಅದೇ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತೇನೆ. ಶಾಲೆ ಬಿಟ್ಟ ವರ್ಷವೇ ಸೇರಿದೆ. ಈಗ ಅಲ್ಲಿ ಗಾಳಿಚೀಲಗಳನ್ನೂ ಹೊಲಿಯುತ್ತಾರೆ, ಡಿಕ್ಕಿಯಾದಾಗ ಸ್ಟಿಯರಿಂಗ್‌ನಿಂದ ಹೊರಬಂದು ಉಬ್ಬುವಂಥವು. ಅವನ್ನು ಮಡಚುವುದು ನನ್ನ ಕೆಲಸ. ಆಚೆ ಕೋಣೆಯಲ್ಲಿ ಆಳೆತ್ತರದ ಗೊಂಬೆಗಳಿಗೆ ಬೆಲ್ಟು ಹಾಕಿ, ಬಂಡಿಯಲ್ಲಿ ಕೂರಿಸಿ, ಗೋಡೆಗೆ ಹೊಡೆಸಿ ಪರೀಕ್ಷಿಸುತ್ತಾರೆ. ಗೊಂಬೆಗೆ ಏನೂ ಆಗಿರುವುದಿಲ್ಲ, ಬೆಲ್ಟು ನೋಡಲು ಹೊಸದರಂತೆಯೇ ಇರುತ್ತದೆ. ಆದರೂ ನಮ್ಮ ಮೇಲ್ವಿಚಾರಕಿ ಆಸ್ಟಾ ದೊಡ್ಡ ಕತ್ತರಿ ತಂದು ಅದನ್ನು ಎರಡು ತುಂಡು ಮಾಡುತ್ತಾಳೆ. ಯಾರೂ ಮತ್ತೆ ಬಳಸಬಾರದಲ್ಲ. ಎಳೆಗಳಲ್ಲಿದ್ದ ಹಿಗ್ಗುವ ಶಕ್ತಿ ಒಂದೇ ಸಲಕ್ಕೆ ಖರ್ಚಾಗಿಹೋಗುತ್ತದೆ, ಇನ್ನೊಂದು ಸಲಕ್ಕೆ ಉಳಿದಿರುವುದಿಲ್ಲ ಎಂದು ಅವಳು ಹೊಸ ಹುಡುಗಿಯೊಬ್ಬಳಿಗೆ ಹೇಳುತ್ತಿದ್ದಾಗ ನಾನು ಪಕ್ಕದ ಮೇಜಿನಲ್ಲಿದ್ದೆ.

ತಾತ ಸ್ಪ್ಯಾನರ್ ಹಿಡಿದು ಒಳಗೆ ಬಂದ.

"ಏನೇ ಟೈರಾ, ನಿನ್ನ ಇನ್ನೊಬ್ಬ ಅಮ್ಮಂಗೆ ಸ್ನಾನ ಆಯ್ತಾ?"

"ತಾತ, ಇದರ ಅಂಚು ನೋಡು..."

"ವಯಸ್ಸಾದ್ಮೇಲೆ ನನ್ನ ಅಂಚೂ ಹಿಂಗೇ ಆಗಿದೆ ಕಣೇ. ಹಾಗಂತ ನನ್ನ ಬಿಸಾಕ್ತೀಯಾ?"

ಅಮ್ಮ ನಕ್ಕಳು. ಅಮ್ಮ ನಗುವುದು ಅಪರೂಪ. ನಾನು ಟವೆಲು ಮಡಚಿಟ್ಟೆ.

ಏಲಕ್ಕಿ ಬನ್ನು, ಫ್ಲಾಸ್ಕಿನಲ್ಲಿ ಕಾಫಿ ಕಟ್ಟಿಕೊಂಡು ಹೊರಟೆವು. ತಾತ ಓಡಿಸುತ್ತಿದ್ದ, ಅಕ್ಕ ಅವನ ಪಕ್ಕ, ಹಿಂದೆ ಅಮ್ಮ ಮತ್ತು ನಾನು. ಹೆಪ್ಪುಗಟ್ಟಿದ ಸರೋವರದ ಮೇಲೆ ಚಳಿಗಾಲಕ್ಕೆಂದು ಮಾಡಿದ ಮಂಜುಗಡ್ಡೆಯ ರಸ್ತೆಗೆ ಇಳಿಯುವಲ್ಲಿ ಎಲ್ಲರೂ ಬೆಲ್ಟು ಬಿಚ್ಚಿ ಕಿಟಕಿ ಇಳಿಸಿದೆವು. ಇಷ್ಟು ವರ್ಷ ಹಾಕ್ಕೋ ಹಾಕ್ಕೋ ಅಂತ ಬೈದವರು ಇಲ್ಲಿ ಮಾತ್ರ ಬಿಚ್ಚು ಅಂತೀರಲ್ಲ ಎಂದು ಅಕ್ಕ ರೇಗಿಸಿದಳು. ಮಂಜುಗಡ್ಡೆ ಒಡೆದರೆ ಕಾರು ಒಂದು ಮುಳುಗಿದರೆ ಸಾಕು, ನೀನು ಯಾಕೆ ಅದಕ್ಕೆ ಜೊತೆ ಎಂದ ತಾತ.

ಮಂಜುಗಡ್ಡೆಯ ಮೇಲೆ ಕಾರು ಮನುಷ್ಯ ನಡೆಯುವಷ್ಟೇ ವೇಗದಲ್ಲಿ ಹೋಗುತ್ತದೆ. ಕೆಳಗೆಲ್ಲೋ ಯಾರೋ ದೊಡ್ಡ ಬಟ್ಟೆ ಹರಿದಂತೆ ಸದ್ದಾಗುತ್ತದೆ, ಮತ್ತೆ ಸುಮ್ಮನಾಗುತ್ತದೆ. ತಣ್ಣನೆ ಗಾಳಿಗೆ ನನ್ನ ಕಣ್ಣು ಅರ್ಧ ಮುಚ್ಚಿತು. ಆಗ ಪಕ್ಕದಲ್ಲಿ, ರಸ್ತೆಯಿಲ್ಲದ ಬಿಳುಪಿನಲ್ಲಿ, ಬೇರೆ ಕಾರುಗಳೂ ಬರುತ್ತಿರುವಂತೆ ಕಂಡಿತು. ತಾತನ ಹರೆಯದ ಕಾರು ಮುಂದಿತ್ತು, ಗಾಜು ಒಡೆದರೆ ಚೂರಿಗಳಾಗಿ ಬೀಳುತ್ತಿದ್ದ ಕಾಲದ್ದು. ಅದರ ಹಿಂದೆ, ಬಿರುಕು ಬಿಟ್ಟರೂ ಉದುರದ ಗಾಜಿನದು. ಆಮೇಲೆ ಅಪ್ಪನದು, ಸ್ಟಿಯರಿಂಗಿನ ಕಂಬ ನೆಟ್ಟಗೆ ಅವನ ಎದೆ ನೋಡುತ್ತಿತ್ತು. ಅದರ ಹಿಂದೆ, ಹೊಡೆತ ಬಿದ್ದರೆ ಕಂಬ ತಾನೇ ಮುದುರಿಕೊಳ್ಳುವಂಥದ್ದು. ಆಮೇಲಿನವಕ್ಕೆ ಸೀಟಿನ ಮೇಲೆ ಕುತ್ತಿಗೆಗೆ ಆನುವ ದಿಂಬುಗಳು ಬಂದವು. ಒಂದರಲ್ಲಿ ಮಗುವನ್ನು ಹಿಂದಕ್ಕೆ ಮುಖ ಮಾಡಿ ಕೂರಿಸಿದ್ದರು. ಅದು ದಾಟಿ ಹೋಗುತ್ತಾ ನನ್ನನ್ನೇ ನೋಡುತ್ತಿತ್ತು. ಕೊನೆಯ ಕಾರಿನಲ್ಲಿ ನಾನು ಮಡಚಿದ ಚೀಲ ಸದ್ದಿಲ್ಲದೆ ಅರಳಿ, ಒಳಗಿದ್ದವರೆಲ್ಲ ಬಿಳಿಯಲ್ಲಿ ಮರೆಯಾದರು. ಯಾರೂ ಅವಸರ ಮಾಡುತ್ತಿರಲಿಲ್ಲ. ಪ್ರತಿಯೊಂದು ಕಾರೂ ತನ್ನ ಮುಂದಿನದು ಎಲ್ಲಿ ಸೋತಿತೋ ಅದನ್ನು ನೋಡಿ ಹೊಸದೊಂದನ್ನು ಹೊತ್ತು ತಂದಿತ್ತು. ಹಳೆಯದನ್ನೇ ಬಿಚ್ಚಿ ತಂದದ್ದು ಒಂದೂ ಇರಲಿಲ್ಲ. ಅಪ್ಪ ಕಿಟಕಿಯಿಂದ ನನ್ನ ಕಡೆ ತಿರುಗಿದ. ಏನೋ ಕೇಳಲು ಬಾಯಿ ತೆರೆದಂತಿತ್ತು.

ಚಕ್ರ ದಡದ ಮಣ್ಣಿಗೆ ತಾಗಿ ಕಾರು ಕುಲುಕಿತು. ತಾತ ನಿಲ್ಲಿಸಿದ. ಇಲ್ಲಿಂದ ರಸ್ತೆ, ಇಲ್ಲಿಂದ ವೇಗ. ಕಿಟಕಿಗಳು ಮೇಲೇರಿದವು. ಅಮ್ಮನ ಬೆಲ್ಟು ಟಕ್ಕೆಂದಿತು. ಅಕ್ಕ ಆ ಬೂದು ಬೆಲ್ಟನ್ನು ಎಳೆದು ಹೊಟ್ಟೆಯ ಕೆಳಗಿನಿಂದ ತರುತ್ತಿದ್ದಳು.

"ಅದು ಬೇಡ," ಅಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಅದು ಒಂದ್ಸಲ ಹಿಡಿದಿದೆ. ಒಂದ್ಸಲ ಹಿಡಿದದ್ದು ಇನ್ನೊಂದ್ಸಲ ಹಿಡಿಯಲ್ಲ. ಕಾರ್ಖಾನೆಯಲ್ಲಿ ಅಂಥದ್ದನ್ನ ಕತ್ತರಿಸಿ ಹಾಕ್ತೀವಿ."

"ಬೆಲ್ಟಿನ ಮಗಳಿಗೆ ಬಾಯಿ ಬಂತು," ಎಂದ ತಾತ. ಆದರೆ ನಗಲಿಲ್ಲ.

"ಅದು ನಾನು ನೇಯ್ದದ್ದು," ಅಂದಳು ಅಮ್ಮ. "ಅದು ಇಲ್ದಿದ್ರೆ ಇವತ್ತು ಹೀಗೆ ಮಾತಾಡೋಕೆ ನೀನೇ ಇರ್ತಿರಲಿಲ್ಲ."

"ಗೊತ್ತಮ್ಮ. ನನಗೋಸ್ಕರವೇ ಅದು ಮುಗಿದುಹೋಗಿದೆ."

ಅಮ್ಮನ ಮುಖ ಕಿಟಕಿಯ ಕಡೆ ತಿರುಗಿತು. ಅವಳ ಕೈ ಮಡಿಲಲ್ಲಿ ಮಗ್ಗದ ಮುಂದೆ ಕೂತವಳ ಕೈಯಂತೆ ಮೆಲ್ಲಗೆ ಆಡುತ್ತಿತ್ತು. ಇಷ್ಟು ವರ್ಷ ಅವಳು ಹಿಡಿದುಕೊಂಡಿದ್ದ ಒಂದೇ ಒಂದನ್ನು ನಾನು ಕಿತ್ತುಕೊಂಡೆ ಎಂದು ಗೊತ್ತಾಯಿತು. ಆದರೂ ನಾನು ಕೆಳಗಿಳಿದೆ. ಹಿಮ ಪಾದಕ್ಕೆ ಕಿರ್ರೆಂದಿತು. ಮುಂದಿನ ಬಾಗಿಲು ತೆರೆದು ಹಿಡಿದು ನಿಂತೆ. ಅಕ್ಕನ ಕೈಯಲ್ಲಿ ಬೆಲ್ಟಿನ ನಾಲಿಗೆ ಇತ್ತು, ಸಿಕ್ಕಿಸಿರಲಿಲ್ಲ. ಅವಳು ತಾತನನ್ನು ನೋಡಿದಳು, ಹಿಂದೆ ತಿರುಗಿ ಅಮ್ಮನನ್ನು ನೋಡಿದಳು. ಎಂಜಿನ್ ಓಡುತ್ತಲೇ ಇತ್ತು.

"ಅಕ್ಕ, ಇಳಿ. ಹಿಂದಿನ ಬೆಲ್ಟು ಈ ಕಾರಿನದೇ. ಹಿಂದೆ ನನ್ನ ಜಾಗದಲ್ಲಿ ಕೂತ್ಕೋ."